ಯಾರೂ ನೋಡದಂತೆ ಸೀರೆ ಮಾರುವ ಕಲೆ

ಇಳಕಲ್ಲಿನಲ್ಲಿ ಸೀರೆ ಮಾರುವವರು ಓಣಿಗೊಬ್ಬರು ಸಿಗುತ್ತಾರೆ. ಆದರೆ ತನ್ನ ಸೀರೆಯನ್ನು ಯಾರೂ ನೋಡಬಾರದು, ನೋಡದೆಯೇ ಕೊಳ್ಳಬೇಕು ಎಂದು ಬಯಸುವ ವ್ಯಾಪಾರಿ ನಮ್ಮ ಕಾಕಾ ಒಬ್ಬನೇ! ಹುಚ್ಚು ಅನ್ನಬೇಡಿ, ಅದು ಅಂಜಿಕೆ. ಹಾವು ಕಂಡರೆ ಅವನಿಗೆ ಭಯವಿಲ್ಲ, ಪೊಲೀಸರನ್ನು ಕಂಡರೂ ಇಲ್ಲ. ಅವನು ಹೆದರುವುದು ನೆದರಿಗೆ, ಅಂದರೆ ಮಂದಿಯ ದೃಷ್ಟಿ ತಾಕುವುದಕ್ಕೆ. ಹೊಸ ಸೈಕಲ್ಲಿಗೆ ಮೊದಲ ದಿನವೇ ಹರಕು ಚಪ್ಪಲಿ ಕಟ್ಟಿಕೊಂಡು ಓಡಾಡಿದವನು. ಮದುವೆಮನೆಯಲ್ಲಿ ಹೋಳಿಗೆ ಬಡಿಸಿದರೆ ಗೋಡೆಗೆ ಮುಖಮಾಡಿ ತಿನ್ನುವವನು. ಇಂಥವನ ಸೀರೆಗಳಿಗೆ ಇಂಟರ್ನೆಟ್ಟಿನಲ್ಲಿ ಪ್ರಚಾರ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹಣೆಬರಹ ಹೇಗಿದೆ ನೋಡಿ.

ಬೇರೆ ದಾರಿಯೂ ಇರಲಿಲ್ಲ. ಪವರ್‌ಲೂಮ್ ಸೀರೆಗಳ ಹಾವಳಿಯಲ್ಲಿ ಕಾಕಾನ ಕೈಮಗ್ಗ ವಾರಗಟ್ಟಲೆ ಸುಮ್ಮನೆ ನಿಲ್ಲುತ್ತಿತ್ತು. ನಾನು ಬಾಗಲಕೋಟೆಯಲ್ಲಿ ಅಂಗಡಿಗಳಿಗೆ ಇದೇ ಪ್ರಚಾರದ ಕೆಲಸ ಮಾಡುವವನು. ವಿಡಿಯೋವನ್ನು ಯಾವ ಊರಿನವರು ನೋಡಿದರು, ಎಷ್ಟು ಹೊತ್ತಿಗೆ ನೋಡಿದರು, ಎಲ್ಲಿಗೆ ಬಂದಾಗ ಬೇಜಾರಾಗಿ ಬಿಟ್ಟರು ಎಂದೆಲ್ಲ ಹೇಳುವ ಅನಾಲಿಟಿಕ್ಸ್ ಎಂಬುದೊಂದಿದೆ. ಅದು ಹೇಳಿದಂತೆ ನಾವು ದಾರಿ ಬದಲಿಸಿಕೊಳ್ಳುತ್ತ ಹೋಗಬೇಕು. ಮೊದಲು ಸೀರೆಯನ್ನು ಉದ್ದಕ್ಕೆ ಹಾಸಿ ವಿಡಿಯೋ ಮಾಡಿದೆ. ಮಂದಿ ಕಣ್ಣು ಮಿಟುಕಿಸುವುದರೊಳಗೆ ಬಿಟ್ಟು ಓಡಿದ್ದರು.

"ಯಾರೂ ಪೂರ್ತಿ ನೋಡೇ ಇಲ್ಲ ಕಾಕಾ" ಅಂದೆ ಸಪ್ಪೆ ಮುಖದಲ್ಲಿ.

"ಛಲೋ ಆತ್ ಬಿಡು" ಅಂದ ಅವನು, ನಿರಾಳವಾಗಿ.

ಆದರೆ ಒಂದು ಕಡೆ ಮಾತ್ರ ಜನ ನಿಂತು ನೋಡಿದ್ದರು. ಅಲ್ಲಿ ಕಂಡದ್ದು ನಮ್ಮ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ ಕೈಗಳು. ಸೀರೆಯ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುವುದು ಅವಳ ಕೆಲಸ. ಪವರ್‌ಲೂಮಿಗೆ ಬಾರದ ವಿದ್ಯೆ ಅದು. ನಾನು ತಡಮಾಡಲಿಲ್ಲ. ಮುಂದಿನ ವಿಡಿಯೋದಲ್ಲಿ ಬರೀ ಆ ಕೈಗಳನ್ನೇ ತೋರಿಸಿದೆ. ಹೆಣ್ಣುಮಕ್ಕಳು ಊಟ ಮುಗಿಸಿ ಫೋನು ಹಿಡಿಯುವ ಮಧ್ಯಾಹ್ನಕ್ಕೆ ಸರಿಯಾಗಿ ಹಾಕಿದೆ. ಸಂಜೆಗೆ ನೋಡಿದರೆ ಅನಾಲಿಟಿಕ್ಸಿನ ಗೆರೆ ಮೇಲಕ್ಕೆ ಹಾರಿತ್ತು.

"ಸಾವಿರಗಟ್ಟಲೆ ಮಂದಿ ನೋಡ್ಯಾರ ಕಾಕಾ! ಸೊಲ್ಲಾಪುರ, ಹುಬ್ಬಳ್ಳಿ, ಎಲ್ಲಾ ಕಡೆಯಿಂದ."

ಕಾಕಾ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಲ್ಲೇ ಬೆವೆತುಬಿಟ್ಟ. "ಅಷ್ಟೂ ಮಂದಿ ಆಕಿ ಕೈ ನೋಡ್ಯಾರೇನ? ಅದರಾಗ ಕೆಟ್ಟ ನೆದರಿನವರು ಎಷ್ಟ್ ಮಂದಿ, ಅದನ್ನೇನರ ತೋರಸ್ತದೇನ ನಿನ್ನ ಫೋನು?"

ಯಾವ ಕಂಪನಿಯವರೂ ಇನ್ನೂ ಅದನ್ನು ಕಂಡುಹಿಡಿದಿಲ್ಲ ಎಂದೆ. ಅವನ ಬಳಿ ಅದಕ್ಕೊಂದು ಹಳೆಯ ಪರೀಕ್ಷೆ ಇತ್ತು. ಉಪ್ಪು, ಒಣಮೆಣಸಿನಕಾಯಿ ತಂದು ಮೊದಲು ಚಿಗವ್ವನಿಗೆ, ಆಮೇಲೆ ನನ್ನ ಫೋನಿಗೆ ನಿವಾಳಿಸಿ ಒಲೆಗೆ ಹಾಕಿದ. ಘಾಟು ಬಂದರೆ ಚಿಂತೆಯಿಲ್ಲ, ಬಾರದಿದ್ದರೆ ನೆದರಾಗಿದೆ ಎಂದು ಲೆಕ್ಕ. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದರೂ ಅವನು ಒಲೆಯ ಮುಂದೆ ಕೂತು "ಘಾಟು ಕಡಿಮಿ ಐತಿ" ಅಂತಲೇ ಇದ್ದ. ಶನಿವಾರ ನನ್ನನ್ನೂ ಫೋನನ್ನೂ ತುಳಸಿಗೇರಿಗೆ ಎಳೆದೊಯ್ದು, ಹನುಮಪ್ಪನಿಗೆ ಒಡೆಸಿದ ಕಾಯಿಯ ನೀರನ್ನು ಇಬ್ಬರ ಮೇಲೂ ಧಾರಾಳವಾಗಿ ಚಿಮುಕಿಸಿದ. ನಾನು ಒಣಗಿದೆ. ಫೋನು ಮಾತ್ರ ಒಂದು ವಾರ ಮೂಗಿನಲ್ಲೇ ಮಾತಾಡಿತು.

ವಿಡಿಯೋ ಜೊತೆಗೆ ನಾನು ತೆರೆದಿದ್ದ ಆನ್‌ಲೈನ್ ಅಂಗಡಿಯಲ್ಲಿ ಸೀರೆಯನ್ನು ಆರಿಸಿ ಬುಟ್ಟಿಗೆ ಹಾಕಿ, ಕೊಳ್ಳದೆ ಹೋದವರೂ ಇದ್ದರು. ಕಾಕಾನಿಗೆ ಅವರೆಂದರೆ ನಡುಕ. "ಆಸಿ ಮಾಡಿ ಬಿಟ್ಟ್ ಹೋದವರ ನೆದರು ಭಾಳ ಕೆಟ್ಟದ್ದಪಾ. ಅವರಿಗೆ ಹಿಂಗ ಬರಿ: 'ಯವ್ವಾ, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ. ಬೇಕಂದ್ರ ಬಾಯಿಬಿಟ್ಟು ಕೇಳ್ರಿ, ಬ್ಯಾಡಂದ್ರ ಮರತಬಿಡ್ರಿ.'"

ನಗುತ್ತಲೇ ಕಳಿಸಿದೆ. ಏನಾಯಿತೆಂದುಕೊಂಡಿರಿ? ಅರ್ಧಕ್ಕರ್ಧ ಮಂದಿ ಹಿಂದಿರುಗಿ ಬಂದು ಸೀರೆ ಕೊಂಡರು! ಇದನ್ನೇ ಕಲಿಯಲು ನಾನು ಆರು ತಿಂಗಳು ತರಬೇತಿಗೆ ಹೋಗಿದ್ದೆ.

ಮಗ್ಗ ಮತ್ತೆ ದಿನವಿಡೀ ಸದ್ದು ಮಾಡತೊಡಗಿತು. ಅಷ್ಟರಲ್ಲೇ ಚಿಗವ್ವನ ಬಲಗೈ ಜೋಮು ಹಿಡಿಯಿತು. ಕೊಂಡಿ ಹಾಕುವಾಗ ಎಳೆ ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು. ಅದನ್ನು ನೋಡಿ ನನ್ನ ನಗುವೂ ನಿಂತಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ಕಾಕಾ ಹೇಳಿದ್ದೇ ಖರೆ ಇರಬಹುದೇ ಎಂದು ಅನಿಸಿಬಿಟ್ಟಿತು. ಬಾಗಲಕೋಟೆಯ ದವಾಖಾನೆಗೆ ಇಬ್ಬರನ್ನೂ ಕರೆದೊಯ್ದೆ. ಮಣಿಕಟ್ಟಿನಲ್ಲಿ ನರ ಒತ್ತಿದೆ, ಕೈಗೆ ವಿಶ್ರಾಂತಿ ಬೇಕು, ಗುಣವಾಗದಿದ್ದರೆ ಆಪರೇಷನ್ ಎಂದರು ಡಾಕ್ಟರು. ಪಟ್ಟಿ ಕಟ್ಟಿ ಹೊರಗೆ ಕೂರಿಸಿದರು.

ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದ ಕಾಕಾ ನನ್ನ ಫೋನು ಕಸಿದುಕೊಂಡ. "ತಗಿ ಅದನ್ನ. ಯಾವ ಊರವರು ನೋಡ್ಯಾರ, ಎಂದು ನೋಡ್ಯಾರ, ಎಲ್ಲಾ ತೋರಸ್ತದಲ್ಲಾ? ಯಾರ ನೆದರು ಅಂತ ಇವತ್ತ ಗೊತ್ತಾಗಲಿ. ಆಮ್ಯಾಲ ಎಲ್ಲಾ ವಿಡಿಯೋ ಅಳಿಸಿಬಿಡು."

"ಯಾರ್ನೂ ಬೈಬ್ಯಾಡ್ರಿ" ಅಂದಳು ಚಿಗವ್ವ. "ಹೋದ್ ವರ್ಷದಿಂದ ಜೋಮು ಹಿಡೀತೈತಿ. ನೀವು ಅಂಜತೀರಿ ಅಂತ ಹೇಳಿದ್ದಿಲ್ಲ. ಆವಾಗ ವಿಡಿಯೋನೂ ಇದ್ದಿಲ್ಲ, ನೋಡವರೂ ಇದ್ದಿಲ್ಲ."

ಸದ್ಯ, ನಾನು ಬಚಾವಾದೆ ಅಂದುಕೊಂಡೆ. ಆದರೆ ಕಾಕಾನ ಮುಖ ಇನ್ನೂ ಬಿಳಿಚಿಕೊಂಡಿತು. ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು, ತಲೆ ತಗ್ಗಿಸಿ ಕೂತ.

"ನಾ ಇದ್ನಲ್ಲ" ಅಂದ. "ದಿನಾ ಮಗ್ಗದಾಗ ಕುಂತು ನಿನ್ನ ಕೈನಽ ನೋಡ್ತಿದ್ದೆ. ಮದವಿ ಆದಾಗಿಂದ ನೋಡೇನಿ. ನಿನ್ನ ಮುಂದ ಎಂದೂ ಹೇಳ್ಲಿಲ್ಲ. ಹಂಗಾರ ಇದು ನಂದಽ ನೆದರು."

ಚಿಗವ್ವ ನಗಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಮೆಲ್ಲಗೆ ಅವನ ಮಡಿಲಲ್ಲಿ ಇಟ್ಟಳು.

"ತಾಕಿದ್ರ ತಾಕಲಿ" ಅಂದಳು. "ನೀವು ನೋಡ್ರಿ."