ಟಗರು ಎಲ್ಲಿ ಮೇಯ್ದಿತ್ತು?

ಬೆಳಿಗ್ಗೆ ನೀರು ಕುಡಿಸಲು ಹೋದ ವಿರೂಪಾಕ್ಷಮ್ಮ ಟಗರಿನ ಕಣ್ಣು ನೋಡಿ ಕೈಯಲ್ಲಿದ್ದ ಕೊಡ ಬಿಟ್ಟಳು. ಬೆಳ್ಳಗಿರಬೇಕಾದ ಕಡೆಯೆಲ್ಲ ಅರಿಸಿನ ಸವರಿದಂತೆ ಹಳದಿ. ತಾಯಿ ಸತ್ತ ಮರಿಯನ್ನು ತಂದು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಈಗ ಅದು ಮದುವೆ ಮುಗಿದ ಮನೆಯ ಹಂದರದಂತೆ ಜೋತುಬಿದ್ದಿತ್ತು.

ಸದ್ದಿಗೆ ಪಕ್ಕದ ಮನೆಯ ಗೌಸಬೀ ಓಡಿಬಂದಳು. "ಕಾಮಣಿ ಆಗೇತಿ ಅಕ್ಕಾ! ಕುಡಗೋಲು ಕಾಸು. ಕಿವಿ ಹಿಂದ ಎರಡು ಬರಿ ಎಳದ್ರ ಸಂಜಿಗೆ ಜಿಗೀತೈತಿ."

"ಜಿಗೀತೈತಿ, ಬಾವ್ಯಾಗ," ಎನ್ನುತ್ತ ಎದುರುಮನೆಯ ಅನ್ನಪೂರ್ಣ ಬಂದಳು. ಅವಳೇ ಟಂಟಂ ಗಾಡಿ ಕರೆಸಿದಳು. ಯಲಬುರ್ಗಾದ ದನದ ದವಾಖಾನೆ ಮುಟ್ಟುವವರೆಗೂ ಟಗರಿನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಆ ಮಮತೆಯೇ ವಿರೂಪಾಕ್ಷಮ್ಮನನ್ನು ಚುಚ್ಚುತ್ತಿತ್ತು. ಈ ಬೇಸಿಗೆಯಲ್ಲಿ ಊರಲ್ಲಿ ಹಸಿರು ಹುಲ್ಲಿದ್ದುದು ಅನ್ನಪೂರ್ಣಳ ದಾಳಿಂಬೆ ತೋಟದಲ್ಲಿ ಮಾತ್ರ. ಒಂದು ತಿಂಗಳಿಂದ ವಿರೂಪಾಕ್ಷಮ್ಮ ನಸುಕಿನಲ್ಲಿ ಬೇಲಿ ಸರಿಸಿ, ಟಗರನ್ನು ಅಲ್ಲೇ ಮೇಯಿಸುತ್ತಿದ್ದಳು. ಬೇಲಿ ಕಿತ್ತ ಕಳ್ಳ ಯಾರೋ ಎಂದು ಅನ್ನಪೂರ್ಣ ಬೈದಾಗಲೆಲ್ಲ "ಅವನ ಬಾಯಾಗ ಮಣ್ಣ ಬೀಳ್ಲಿ" ಎಂದು ದನಿಗೂಡಿಸಿದವಳೂ ಅವಳೇ.

"ಕಣ್ಣು ಹಳದಿ ಆಗೋದು ಬ್ಯಾನಿ ಅಲ್ರಿ, ಬ್ಯಾನಿ ಗುರುತು," ಎಂದರು ಡಾಕ್ಟರ್ ಶಾಯಿಸ್ತಾ, ಟಗರಿನ ತುಟಿಯೆತ್ತಿ ವಸಡು ನೋಡುತ್ತ. ರಕ್ತದ ಹನಿಯನ್ನು ಗಾಜಿಗೆ ಸವರಿ ಕಂಪೌಂಡರ್ ನದೀಮನಿಗೆ ಕೊಟ್ಟು ಒಳಗೆ ಕಳಿಸಿದರು. "ರಕ್ತ ಒಡದ್ರೂ ಹಿಂಗಾಗತೈತಿ, ಲಿವರ್ ಕೆಟ್ರೂ ಆಗತೈತಿ. ಮೈಮ್ಯಾಲೆ ಉಣ್ಣಿ ಅದಾವೇನು?"

"ನಮ್ಮ ಟಗರಿಗೆ ಉಣ್ಣೀನ್ರಿ? ವಾರಕ್ಕ ಎರಡು ಸಲ ಮೈ ತೊಳೀತೀನ್ರಿ!"

"ಗಂಡಗೂ ಅಷ್ಟು ತಿಕ್ಕಂಗಿಲ್ರಿ ಅಕಿ," ಗೌಸಬೀ ಸಾಕ್ಷಿ ಹೇಳಿದಳು.

"ಹಂಗಾದ್ರ ಏನು ತಿಂದೈತಿ? ತೋಟದಾಗ ಗಿಡಕ್ಕ ಮೈಲುತುತ್ತ ಹೊಡೀತಾರಲ್ರಿ, ಆ ಹುಲ್ಲು ಕುರಿಗೆ ವಿಷ. ಅದಕ್ಕ ಔಷಧ ಬ್ಯಾರೆ."

"ಮನಿ ಒಣ ಕಣಿಕಿ ಬಿಟ್ರ ಏನೂ ಮುಟ್ಟಿಲ್ರಿ." ವಿರೂಪಾಕ್ಷಮ್ಮ ಅನ್ನಪೂರ್ಣಳತ್ತ ನೋಡದೆ ಹೇಳಿದಳು.

"ಖರೇ ಹೇಳ್ರಿ. ನೀವು ಸುಳ್ಳು ಹೇಳಿದ್ರ ಔಷಧ ತಪ್ಪತೈತಿ, ಟಗರು ಸಾಯತೈತಿ."

ಟಗರು ನರಳಿತು. ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಮಾನ ಒಂದು ಕಡೆ, ಈ ಮೂಕ ಜೀವ ಒಂದು ಕಡೆ. ಕಣ್ಣು ಮುಚ್ಚಿ ಅಂದೇಬಿಟ್ಟಳು: "ಅನ್ನಪೂರ್ಣಾ, ನಿನ್ನ ತೋಟದಾಗ ಮೇಯಿಸೀನವ್ವಾ. ತಿಂಗಳಾತು. ಬೇಲಿ ಕಿತ್ತಾಕಿ ನಾನ."

ಅನ್ನಪೂರ್ಣ ಟಗರಿನ ಮೇಲಿಟ್ಟಿದ್ದ ಕೈ ತೆಗೆದಳು.

"ಮೈಲುತುತ್ತ ಯಾವಾಗ ಹೊಡದೀರಿ?" ಡಾಕ್ಟರು ಅನ್ನಪೂರ್ಣಳನ್ನು ಕೇಳಿದರು.

"ಈ ವರ್ಷ ಹೊಡದೇ ಇಲ್ರಿ."

ಅಷ್ಟರಲ್ಲಿ ನದೀಮ ಹೊರಬಂದ. "ಮೇಡಂ, ರಕ್ತದಾಗ ಉಣ್ಣಿ ಜ್ವರದ ಕ್ರಿಮಿ ಅದಾವ್ರಿ." ಟಗರಿನ ಬಾಲವೆತ್ತಿದ. ಔಡಲ ಕಾಳಿನಷ್ಟು ದಪ್ಪ ಮೂರು ಉಣ್ಣಿಗಳು ನೆಮ್ಮದಿಯಾಗಿ ಜೋತಾಡುತ್ತಿದ್ದವು.

ವಿರೂಪಾಕ್ಷಮ್ಮ ಹಣೆ ಬಡಿದುಕೊಂಡಳು. ಇನ್ನು ಒಂದೇ ನಿಮಿಷ ಬಾಯಿ ಬಿಗಿಹಿಡಿದಿದ್ದರೆ!

ಸೂಜಿ ಚುಚ್ಚಿದ ಡಾಕ್ಟರು ಚೀಟಿ ಬರೆಯುತ್ತ ನಕ್ಕರು. "ಅಂಜಬ್ಯಾಡ್ರಿ, ಬದುಕತೈತಿ. ಛಲೋ ಹಸಿ ಮೇವು ತಿಂದದ್ದಕ್ಕ ಇಷ್ಟು ತಡಕೊಂಡೈತಿ. ಇನ್ನೊಂದು ತಿಂಗಳು ಅದೇ ಹುಲ್ಲು ಹಾಕ್ರಿ."

ವಿರೂಪಾಕ್ಷಮ್ಮ ಕೈ ಚಾಚುವ ಮೊದಲೇ ಅನ್ನಪೂರ್ಣ ಚೀಟಿ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಆ ಹುಲ್ಲು ನನ್ನ ತೋಟದಾಗಷ್ಟ ಐತ್ರಿ, ಡಾಕ್ಟರಮ್ಮ. ತಿಂಗಳಾತು ನನ್ನ ಮೇವು ತಿಂದು ಬೆಳದೈತಿ, ಇನ್ನೂ ತಿಂಗಳು ತಿನ್ನಬೇಕಂತ. ಹಂಗಾದ್ರ ಟಗರು ಯಾರದಾತು, ನೀವ ಹೇಳ್ರಿ."

ಅನ್ನಪೂರ್ಣ ಹಗ್ಗ ಹಿಡಿದು ಹೊರಟಳು. ಟಗರು ತಡವರಿಸುತ್ತ ಎದ್ದು, ಬಾಟಲಿ ಹಾಲು ಕುಡಿಸಿದವಳತ್ತ ತಿರುಗಿಯೂ ನೋಡದೆ, ಹುಲ್ಲಿನ ಒಡತಿಯ ಹಿಂದೆ ನಡೆಯಿತು.