ಮಾವನ ಟರ್ಬೊ ಕಾರು

ನನ್ನ ಸೋದರಮಾವನಷ್ಟು ನಿಧಾನವಾಗಿ ಕಾರು ಓಡಿಸುವವರು ಗದಗ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತಿಳಿಸಿ. ಇಬ್ಬರನ್ನೂ ಒಂದೇ ರಸ್ತೆಗೆ ಬಿಡಬಾರದು, ಅಷ್ಟೇ.

ಮಾವನದು ಬೆಟಗೇರಿಯಲ್ಲಿ ಸೀರೆ ಅಂಗಡಿ. ಅವನ ಹಳೇ ಕಾರಿನ ಎಂಜಿನ್ ಕೈಕೊಟ್ಟಾಗ ಎಲ್ಲರೂ ಹೊಸ ಕಾರು ಕೊಳ್ಳು ಎಂದರು. ಅವನು ಎಲ್ಲಿಂದಲೋ ಒಂದು ಟರ್ಬೊ ಎಂಜಿನ್ ಹುಡುಕಿ ತಂದು, ಅದಕ್ಕೆ ಹೊಸ ಪಿಸ್ಟನ್ನು, ರಿಂಗು ಹಾಕಿಸಿ, ಹಳೇ ಗಾಡಿಯೊಳಗೆ ಕೂರಿಸಿದ.

"ಸಾವಿರ ಕಿಲೋಮೀಟರ್ ಆಗೂತನಕ ಟರ್ಬೊ ಜಾಸ್ತಿ ಗಾಳಿ ತಳ್ಳಬಾರ್ದ್ರಿ. ರಿಂಗು ಇನ್ನೂ ಕುಂತಿಲ್ಲ. ಮುಳ್ಳಿನ ಮ್ಯಾಲೆ ಕಣ್ಣಿರ್ಲಿ" ಎಂದ ಗ್ಯಾರೇಜಿನ ಮಿಸ್ತ್ರಿ, ಗಾಳಿಯ ಒತ್ತಡ ತೋರಿಸುವ ಪುಟ್ಟ ಮೀಟರೊಂದನ್ನು ಸ್ಟೇರಿಂಗ್ ಪಕ್ಕ ಕೂರಿಸಿಕೊಟ್ಟ.

ಮಾವ ಅತ್ತೆಯ ಉಗುರುಬಣ್ಣದಿಂದ ಮೀಟರಿನ ಮೇಲೊಂದು ಕೆಂಪು ಗೆರೆ ಎಳೆದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಮುಳ್ಳು ಕಾಯುವ ಕೆಲಸ ಬಂತು. ನನಗೂ ಕುತೂಹಲವೇ. ಆಕ್ಸಿಲರೇಟರ್ ತುಸು ಒತ್ತಿದರೆ ಮುಳ್ಳು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ದಿಬ್ಬದಲ್ಲಿ ಗೇರು ಬದಲಿಸದೆ ಒತ್ತಿದರೆ ಒಮ್ಮೆಲೇ ಜಿಗಿಯುತ್ತದೆ! "ಏರಾಕತ್ತೈತಿ ಮಾವಾ" ಎಂದರೆ ಸಾಕು, ಬಿಸಿ ಹಂಚು ತುಳಿದವನಂತೆ ಕಾಲು ಎತ್ತುತ್ತಿದ್ದ. ಲಕ್ಷ್ಮೇಶ್ವರದ ಮದುವೆಗೆ ಹೋಗುವಾಗ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ನಮ್ಮನ್ನು ದಾಟಿತು. ಅದರ ಡ್ರೈವರ್ ತಿರುಗಿ ನೋಡಿ, "ಡೀಸೆಲ್ ಮುಗದೈತೇನ್ರಿ?" ಎಂದು ಕೇಳಿದ. ನಾವು ಮುಟ್ಟಿದಾಗ ಮದುಮಕ್ಕಳು ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುತ್ತಿದ್ದರು.

ಶಭಾಷ್ ಅನ್ನಿಸಿಕೊಳ್ಳಲು ಮಾವ ಮಿಸ್ತ್ರಿಯ ಬಳಿ ಹೋದ. ಸಿಕ್ಕಿದ್ದು ಬೈಗುಳ.

"ಇಷ್ಟು ಮೆತ್ತಗ ಹೊಡದ್ರೂ ರಿಂಗು ಕುಂದ್ರಂಗಿಲ್ರಿ ಸಾವ್ಕಾರ್ರ. ಸ್ವಲ್ಪ ಏರಸ್ರಿ, ಇಳಸ್ರಿ."

ಮಾವ ಮೊದಲ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದ; ಇನ್ನು ಮುಳ್ಳು ಆ ಎರಡರ ನಡುವೆ ಏರಿಳಿಯಬೇಕು. ಅತ್ತೆ ಹೊಸ ಉಗುರುಬಣ್ಣ ತಂದು ಬಚ್ಚಿಟ್ಟಳು.

ಈ ಏರಿಳಿತಕ್ಕೆ ಉದ್ದನೆಯ ದಾರಿ ಬೇಕಿತ್ತು. "ಅಕ್ಕಾ, ಕೊರ್ಲಹಳ್ಳಿಗೆ ಹೋಗೂಣ ಬಾ" ಎಂದು ನನ್ನ ಅವ್ವನನ್ನು ಕರೆದ. ಅದು ಅವರಿಬ್ಬರೂ ಹುಟ್ಟಿದ ಊರು. ಆದರೆ ಗಾಡಿ ಹತ್ತಿದರೆ ಅವ್ವನಿಗೆ ವಾಂತಿ. ಆ ಭಯಕ್ಕೇ ಆರು ವರ್ಷದಿಂದ ಅತ್ತ ಹೋಗಿರಲಿಲ್ಲ. ತಮ್ಮನ ಮಾತು ಮೀರಲಾರದೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಳು. ಮುಂಡರಗಿ ದಾಟಿದ ಮೇಲೆ ಕಣ್ಣು ತೆರೆದು, "ಯಾರ ಹೊಲನೋ ಇದು, ಸೂರ್ಯಕಾಂತಿ ಚಲೋ ಬಂದೈತಿ" ಎಂದಳು. ಹೊಳೆ ಕಾಣುವವರೆಗೂ ಅವಳ ಮಾತು ನಿಲ್ಲಲಿಲ್ಲ, ವಾಂತಿಯೂ ಬರಲಿಲ್ಲ.

ಅಂತೂ ಸಾವಿರ ಕಿಲೋಮೀಟರ್ ಮುಗಿಯಿತು. ಮಿಸ್ತ್ರಿ ಆಯಿಲ್ ಬದಲಿಸಿ, "ಇನ್ನ ಹೊಡೀರಿ" ಎಂದ. ಮರುದಿನ ಶಿರಹಟ್ಟಿ ರಸ್ತೆಯಲ್ಲಿ ಮಾವ ಹೊಡೆದ ಹೊಡೆತಕ್ಕೆ ನಾನು ಸೀಟಿಗೆ ಅಂಟಿಕೊಂಡುಬಿಟ್ಟೆ.

ಆ ವಾರವೇ ಅವ್ವ ತಾನಾಗಿ ಕೇಳಿ ಮತ್ತೆ ಕೊರ್ಲಹಳ್ಳಿಗೆ ಹೊರಟಳು. ಗಾಡಿ ಮತ್ತೆ ತೆವಳತೊಡಗಿತು.

"ಈಗ್ಯಾಕ ಮಾವಾ? ಎಂಜಿನ್ ಪಕ್ಕಾ ಆತಲ್ಲ?" ಮೆಲ್ಲಗೆ ಕೇಳಿದೆ.

ಮಾವ ಕನ್ನಡಿಯಲ್ಲಿ ಹಿಂದೆ ನೋಡಿದ. ಅವ್ವ ಗಾಜು ಇಳಿಸಿ, ಗಾಳಿಗೆ ಮುಖ ಕೊಟ್ಟು ಕುಳಿತಿದ್ದಳು.

"ಎಂಜಿನ್ನಿಂದು ಆತು" ಎಂದ. "ಅಕ್ಕಂದು ಇನ್ನೂ ಸಾವಿರ ಆಗಿಲ್ಲ."