ಅವ್ವನ ಮಂಚದ ಮೇಲೆ ತಿಗಣೆಯ ಆರೋಪ

ನಮ್ಮ ಕಡೆಯ ಜನ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿ ಹಾಸನದಲ್ಲಿ ಇಳಿಯುವುದರೊಳಗೆ ಪಕ್ಕದಲ್ಲಿ ಕೂತ ಅಪರಿಚಿತರಿಗೂ ತಮ್ಮ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಸೊಸೆಯ ಬಾಯಿ, ಮಗನ ಸೋಮಾರಿತನ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮೂಲವ್ಯಾಧಿಯ ಬಗ್ಗೆ ಕಂಡಕ್ಟರಿಗೂ ಕೇಳಿಸುವಂತೆ ಮಾತಾಡಿದವರನ್ನು ನಾನೇ ಕಂಡಿದ್ದೇನೆ. ಆದರೆ "ನಮ್ಮ ಮನೇಲಿ ತಿಗಣೆ ಇದೆ" ಎಂದು ಬಾಯಿಬಿಟ್ಟು ಹೇಳಿದ ಒಬ್ಬನೇ ಒಬ್ಬ ಮನುಷ್ಯನನ್ನು ಹೋದ ಚಳಿಗಾಲದವರೆಗೆ ಕಂಡಿರಲಿಲ್ಲ. ಇಲಿ ಇದ್ದರೆ ಹೇಳಬಹುದು, ಮನೆಯಲ್ಲಿ ದವಸ ಇದೆ ಎಂದಾಯಿತು. ಜಿರಳೆ ಇದ್ದರೂ ಹೇಳಬಹುದು, ಅಡುಗೆಮನೆ ಚೆನ್ನಾಗಿ ನಡೆಯುತ್ತಿದೆ ಎಂದಾಯಿತು. ತಿಗಣೆ ಮಾತ್ರ ಮನೆತನದ ಮಾನದ ವಿಷಯ. ಆ ಮಾನವನ್ನು ಇವತ್ತು ನಾನೇ ಕೈಯಾರೆ ಬೀದಿಗಿಡುತ್ತಿದ್ದೇನೆ. ಅರಕಲಗೂಡಿನ ಬೀಗರಿಗೇ ಗೊತ್ತಾಗಿಹೋದ ಮೇಲೆ ಉಳಿದವರಿಂದ ಮುಚ್ಚಿಟ್ಟು ಆಗಬೇಕಾದ್ದೇನಿದೆ?

ನಾನು ಹನಿ ನೀರಾವರಿಯ ಪೈಪು ಮಾರುವ ಕಂಪನಿಯೊಂದರ ಪ್ರತಿನಿಧಿ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಅರಸೀಕೆರೆ, ತುಮಕೂರು, ಚಿತ್ರದುರ್ಗ ಎಂದು ಸುತ್ತುತ್ತಾ ಲಾಡ್ಜುಗಳಲ್ಲಿ ಮಲಗುವವನು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಲಾಡ್ಜಿನ ತಿಗಣೆಗಳು ನನ್ನನ್ನು ಹೇಗೆ ಸತ್ಕರಿಸಿದವೆಂದರೆ, ಮಾರನೇ ದಿನ ಡೀಲರ್ ಒಬ್ಬರು ನನ್ನ ಮೈಮೇಲಿನ ಗುಳ್ಳೆ ನೋಡಿ "ಸಾ, ಅಮ್ಮ ಗಿಮ್ಮ ಆಗದಾ?" ಎಂದು ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡರು. ಅವತ್ತಿನಿಂದ ನಾನು ತಿಗಣೆಶಾಸ್ತ್ರದಲ್ಲಿ ಪಳಗಿದೆ. ಲಾಡ್ಜಿನ ರೂಮು ಹೊಕ್ಕ ಕೂಡಲೇ ಬ್ಯಾಗನ್ನು ಮಂಚದ ಮೇಲೆ ಎಸೆಯುವವನಲ್ಲ. ಅದನ್ನು ಸೀದಾ ಬಚ್ಚಲಿಗೆ ಒಯ್ದು ಮೊಳೆಗೆ ನೇತುಹಾಕುತ್ತೇನೆ. ಆಮೇಲೆ ಮೊಬೈಲಿನ ಟಾರ್ಚು ಹಚ್ಚಿ, ಹಾಸಿಗೆಯ ನಾಲ್ಕು ಮೂಲೆ ಎತ್ತಿ, ಹೊಲಿಗೆಯ ಉದ್ದಕ್ಕೂ ಕಣ್ಣಾಡಿಸುತ್ತೇನೆ. ಶಾಯಿ ಪೆನ್ನಿನಿಂದ ಚುಕ್ಕೆ ಇಟ್ಟಂಥ ಕರಿ ಕಲೆ ಕಂಡರೆ ಆ ರೂಮು ಬೇಡ. ತಲೆದೆಸೆಯ ಹಲಗೆಯ ಸಂದಿಯಲ್ಲಿ ನನ್ನ ವಿಸಿಟಿಂಗ್ ಕಾರ್ಡು ತೂರಿಸಿ ಎಳೆದು ನೋಡುತ್ತೇನೆ. ನಿಜ ಹೇಳಬೇಕೆಂದರೆ ಕಂಪನಿ ಅಚ್ಚು ಹಾಕಿಸಿಕೊಟ್ಟ ಕಾರ್ಡುಗಳಲ್ಲಿ ಗಿರಾಕಿಗಳ ಕೈ ಸೇರಿದ್ದಕ್ಕಿಂತ ಮಂಚದ ಸಂದಿ ಸೇರಿದ್ದೇ ಹೆಚ್ಚು. ಒಮ್ಮೆ ಹೀಗೆ ಮಂಚದಡಿ ಅರ್ಧ ದೇಹ ತೂರಿಸಿದ್ದಾಗ ಲಾಡ್ಜಿನ ಮ್ಯಾನೇಜರು ಬಾಗಿಲಲ್ಲಿ ನಿಂತು, "ಏನ್ ಸಾ, ಏನಾರಾ ಕಳ್ಕಂಡ್ರಾ?" ಎಂದು ಕೇಳಿದ. "ಇಲ್ಲ ಕಣಪ್ಪ, ಸಿಗದೇ ಇರಲಿ ಅಂತ ಹುಡುಕ್ತಾ ಇದೀನಿ" ಎಂದೆ. ಅವನು ನನ್ನನ್ನು ಆಮೇಲೆ ಸ್ವಲ್ಪ ಹುಷಾರಾಗಿಯೇ ಮಾತಾಡಿಸಿದ.

ಇಷ್ಟೆಲ್ಲ ಮಾಡಿದ ಮೇಲೂ ಲಾಡ್ಜಿನ ಹಾಸಿಗೆಗೆ ಮೈ ತಾಗಿಸಲು ನನಗೆ ಮನಸ್ಸು ಬಾರದು. ಅದಕ್ಕಾಗಿ ನನ್ನದೇ ಒಂದು ಸುರುಳಿ ಇಟ್ಟುಕೊಂಡಿದ್ದೆ. ಒಂದು ತೆಳುವಾದ ಹತ್ತಿಯ ಹಾಸಿಗೆ, ಅದರ ಮೇಲೊಂದು ನೀಲಿ ಜಮಖಾನ, ಒಂದು ದಿಂಬು; ಮೂರನ್ನೂ ಸುತ್ತಿ ಹಗ್ಗ ಬಿಗಿದು ಹೆಗಲಿಗೇರಿಸಿದರೆ ನೋಡಿದವರು ಸಂನ್ಯಾಸಿಯೋ ಪೈಪು ಮಾರುವವನೋ ಎಂದು ಅನುಮಾನಿಸಬೇಕು. ಲಾಡ್ಜಿನ ಹಾಸಿಗೆಯ ಮೇಲೆ ಇದನ್ನು ಹಾಸಿ ನೆಮ್ಮದಿಯಾಗಿ ಮಲಗುವುದು, ಬೆಳಿಗ್ಗೆ ಸುತ್ತುವುದು, ಊರಿಗೆ ಬಂದ ಮೇಲೆ ನಮ್ಮ ಹೊಸ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವುದು. ಆ ಮಂಚವನ್ನು ಹಾಸನದ ಅಂಗಡಿಯಿಂದ ತಂದು ಎರಡು ವರ್ಷ ಆಗಿರಬಹುದು. ಸುರುಳಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮನೆಯ ಅತ್ಯಂತ ಶುದ್ಧವಾದ ವಸ್ತು ದೇವರ ಕೋಣೆಯಲ್ಲಿಲ್ಲ, ಇದೇ ಎಂದು ನಾನು ನಂಬಿದ್ದೆ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ಸುಜಾತ ಕಾಫಿಯ ಜೊತೆ ತನ್ನ ಮೊಣಕೈಯನ್ನೂ ನನ್ನ ಮುಂದೆ ಹಿಡಿದಳು. ಕೆಂಪು ಗುಳ್ಳೆ ಮೂರು, ಗೆರೆ ಎಳೆದಂತೆ ಒಂದೇ ಸಾಲಿನಲ್ಲಿ. "ಸೊಳ್ಳೆ ಅಲ್ಲ ತಾನೆ ರೀ?" ಎಂದಳು. ಸೊಳ್ಳೆ ಕಂಡಕಂಡಲ್ಲಿ ಕಚ್ಚುತ್ತದೆ. ಸಾಲಾಗಿ ಪಂಕ್ತಿ ಊಟ ಮಾಡಿ ಹೋಗುವುದು ಯಾರು ಎಂದು ನನಗೆ ಗೊತ್ತಿತ್ತು. ಅಂಗಿ ಎತ್ತಿ ನೋಡಿಕೊಂಡರೆ ನನ್ನ ಬೆನ್ನಿನಲ್ಲೂ ಒಂದು ಪಂಕ್ತಿ ಊಟ ಮುಗಿಸಿ ಎದ್ದಿತ್ತು. ಕರ್ಮ! ಅದೂ ಮುಂದಿನ ಭಾನುವಾರ ಬೀಗರು ಊಟಕ್ಕೆ ಬರುವವರಿದ್ದಾಗ.

ಕಾಫಿ ಲೋಟ ಕೆಳಗಿಡುವ ಮೊದಲೇ ನಾನು ತೀರ್ಪು ಕೊಟ್ಟುಬಿಟ್ಟೆ. "ಇನ್ನೆಲ್ಲಿಂದ? ಅವ್ವನ ಮಂಚ."

ಅವ್ವನ ಮಂಚದ ಬಗ್ಗೆ ಹೇಳಬೇಕು. ಹಲಸಿನ ಮರದ್ದು. ಅವ್ವನ ಮದುವೆಯಲ್ಲಿ ಹರದನಹಳ್ಳಿ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ಅವಳ ಅಪ್ಪ ತಮ್ಮ ಹೊಲದ ಬದುವಿನ ಮರ ಕಡಿಸಿ, ಆಚಾರಿಯನ್ನು ಮನೆಯಲ್ಲೇ ಕೂರಿಸಿಕೊಂಡು ಮಾಡಿಸಿದ್ದಂತೆ. ನಾನೂ ನನ್ನ ತಂಗಿಯೂ ಹುಟ್ಟಿದ್ದು ಅದರ ಮೇಲೆ. ಅಪ್ಪ ಕಣ್ಣು ಮುಚ್ಚಿದ್ದೂ ಅದರ ಮೇಲೆಯೇ. ನಡುಮನೆಯ ಕಿಟಕಿಯ ಪಕ್ಕ ಅದು, ಅದರ ಮೇಲೆ ಅವ್ವ, ಅವ್ವನ ಪಕ್ಕ ಎಲೆಅಡಿಕೆ ಚೀಲ. ಈ ಮೂರನ್ನೂ ಬೇರೆ ಬೇರೆಯಾಗಿ ನಾನು ಕಂಡದ್ದೇ ಕಮ್ಮಿ. ಆದರೆ ತಿಗಣೆ ಎಂದರೆ ಹಳೇ ಮಂಚ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಸನದ ಹೊಸ ಮಂಚವನ್ನು, ಅದೂ ಕಂತಿನಲ್ಲಿ ತಂದ ಮಂಚವನ್ನು, ಅನುಮಾನಿಸಲು ಯಾರಿಗೆ ಮನಸ್ಸು ಬಂದೀತು?

"ಏನ್ಲಾ, ತಿಗಣೆ ನನ್ ಮಂಚದಾಗೆ ಇದ್ರೆ ನನ್ನ ಯಾಕ್ಲಾ ಕಚ್ಚಕಿಲ್ಲ?" ಎಂದು ಅವ್ವ ಕೇಳಿದಳು. ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸಬೇಕಿತ್ತು.

"ನಿನಗೆ ವಯಸ್ಸಾಗಿದೆ ಅವ್ವ, ಕಚ್ಚಿದರೂ ಗೊತ್ತಾಗಲ್ಲ. ಚರ್ಮ ದಪ್ಪ ಆಗಿರುತ್ತೆ."

"ದಪ್ಪ ಆಗಿರದು ಚರ್ಮ ಅಲ್ಲ ಕಣ್ಲಾ, ಬ್ಯಾರೆ ಏನೋ. ಅದೂ ನಂದಲ್ಲ" ಎಂದು ಅವ್ವ ಎದ್ದು ಹೋದಳು.

ನಾನು ಮಂಚವನ್ನು ಹಿತ್ತಲಿಗೆ ಎಳೆಸಿದೆ. ನುಗ್ಗೆ ಮರದ ಪಕ್ಕ ಬಿಸಿಲಿಗೆ ಹಾಕಿ, ನವಾರು ಬಿಚ್ಚಿ, ಹಂಡೆಗಟ್ಟಲೆ ನೀರು ಕಾಯಿಸಿ ಕಾಲು ಕಾಲಿನ ಸಂದಿಗೂ ಕುದಿಕುದಿಯುವ ನೀರು ಹುಯ್ದೆ. ಆಮೇಲೆ ಟಾರ್ಚು ಹಿಡಿದು ನೋಡಿದರೆ ಸಿಕ್ಕಿದ್ದು ಎರಡು ಹಲ್ಲಿ ಮೊಟ್ಟೆ ಮತ್ತು ನನ್ನ ತಂಗಿ ಮೂರನೇ ಕ್ಲಾಸಿನಲ್ಲಿ ಕಳೆದುಕೊಂಡು ಏಟು ತಿಂದಿದ್ದ ಕ್ಲಿಪ್ಪು. ತಿಗಣೆಯ ಸುಳಿವೇ ಇಲ್ಲ. ಬೇರೆಯವನಾಗಿದ್ದರೆ ಮಂಚ ನಿರಪರಾಧಿ ಎಂದು ಬಿಡುಗಡೆ ಮಾಡುತ್ತಿದ್ದ. ನಾನು ತಜ್ಞ! ಸಿಗದೇ ಇರುವುದೇ ಅವು ಎಷ್ಟು ಆಳಕ್ಕೆ ಇಳಿದಿವೆ ಎನ್ನುವುದಕ್ಕೆ ಸಾಕ್ಷಿ ಎಂದು ಸುಜಾತಳಿಗೆ ವಿವರಿಸಿದೆ.

"ಎಲ್ಲಾ ಬಿಸಿಲಿಗೆ ಹಾಕ್ತಿದೀವಲ್ಲ, ನಿಮ್ಮ ಆ ಸುರುಳಿನೂ ಒಂದ್ಸಲ ಹಾಕ್ಬಿಡೋಣ್ವಾ?" ಎಂದಳು ಅವಳು.

"ಅದಕ್ಕೂ ಇದಕ್ಕೂ ಏನೇ ಸಂಬಂಧ? ಅದನ್ನ ಮುಟ್ಟಬೇಡ, ಕೊಳೆಯಾಗುತ್ತೆ" ಎಂದು ಗದರಿದೆ.

ಚನ್ನರಾಯಪಟ್ಟಣದಲ್ಲಿ ಹಳೇ ಮರದ ಸಾಮಾನು ಕೊಳ್ಳುವವನೊಬ್ಬನಿದ್ದಾನೆ. ಅವನಿಗೆ ಫೋನು ಮಾಡಿ ಸೋಮವಾರ ಗಾಡಿ ತರಲು ಹೇಳಿಬಿಟ್ಟೆ. ಅವ್ವ ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಆಡಲಿಲ್ಲ. "ಕಳ್ಸು. ನನ್ನೂ ಅದ್ರ ಮ್ಯಾಲೇ ಮನಗ್ಸಿ ಕಳ್ಸ್‌ಬುಡು, ಒಂದೇ ಗಾಡಿ ಸಾಕು" ಎಂದವಳು ನೆಲದ ಮೇಲೆ ಚಾಪೆ ಹಾಸಿಕೊಂಡು ಗೋಡೆಗೆ ಮುಖ ಮಾಡಿದಳು. ಆಮೇಲೆ ನನ್ನ ಜೊತೆ ಮಾತು ಬಂದ್. ನಾನು ಎದುರಿಗೇ ಕೂತಿದ್ದರೂ "ಸುಜಾತ, ನಿನ್ ಗಂಡಂಗೆ ಯೋಳು, ಬಾಗ್ಲು ಆಕ್ಕಳ್ಳಿ ಅಂತ" ಎನ್ನುತ್ತಿದ್ದಳು. ಆ ವಾರವೆಲ್ಲ ಊಟ ರುಚಿಸಲಿಲ್ಲ. ಆದರೂ ಬೀಗರ ಮುಂದೆ ಮಾನ ಉಳಿಯಬೇಕಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಭಾನುವಾರ ಬೀಗರು ರಂಗಣ್ಣನವರು ಬಂದರು. ಅರಕಲಗೂಡಿನ ಹತ್ತಿರ ಆಲೂಗೆಡ್ಡೆ, ಶುಂಠಿ ಬೆಳೆಯುವವರು. ನಮ್ಮ ಮಗಳ ಮಾವ. ನಾಟಿ ಕೋಳಿ ಸಾರು, ಮುದ್ದೆ, ಅವರೆಕಾಳಿನ ಪಲ್ಯ. ರಂಗಣ್ಣನವರು ಎರಡನೇ ಮುದ್ದೆಯನ್ನೂ ಬೇಡ ಬೇಡ ಎನ್ನುತ್ತಲೇ ಮುಗಿಸಿದರು. ಇಂಥ ಊಟವಾದ ಮೇಲೆ ಬೀಗರನ್ನು ಒಂದು ಗಳಿಗೆ ಅಡ್ಡಾಗಿಸದೆ ಕಳಿಸಿದರೆ ನಮ್ಮ ಕಡೆ ಅದು ಮರ್ಯಾದೆಯೇ ಅಲ್ಲ. ಅದೂ ಮನೆಯವರು ದಿನಾ ಮಲಗುವ ಹಾಸಿಗೆ ಕೊಡುವಂತಿಲ್ಲ, ನೆಂಟರಿಗೆಂದೇ ಬೇರೆ ಹಾಸಬೇಕು. ನಾನು ಹೆಮ್ಮೆಯಿಂದ ಪೆಟ್ಟಿಗೆ ತೆಗೆದು ನನ್ನ ಸುರುಳಿಯನ್ನೇ ತಂದು ನಡುಮನೆಯಲ್ಲಿ, ಅವ್ವನ ಮಂಚವಿದ್ದ ಜಾಗದಲ್ಲೇ ಹಾಸಿದೆ. "ಮಲಗಿ ಬೀಗ್ರೇ, ಇದು ನನ್ನ ಸ್ವಂತದ್ದು, ಬೇರೆ ಯಾರಿಗೂ ಕೊಡಲ್ಲ" ಎಂದೆ. ಅವರು ಮಲಗಿದರು. ನಾನು ಜಗುಲಿಯಲ್ಲಿ ಕೂತು ಪೇಪರು ಬಿಡಿಸಿದವನು ಹಾಗೇ ತೂಕಡಿಸಿದೆ.

ಕಣ್ಣು ಬಿಟ್ಟು ಒಳಗೆ ಬಂದರೆ ಹಾಸಿಗೆಯ ಮೇಲೆ ಬೀಗರಿಲ್ಲ! ಚಪ್ಪಲಿ ಬಾಗಿಲಲ್ಲೇ ಇದೆ. ಊಟದಲ್ಲಿ ಏನಾದರೂ ಕೊರತೆಯಾಗಿ ಮುನಿಸಿಕೊಂಡು ಬರಿಗಾಲಿನಲ್ಲಿ ಹೊರಟುಬಿಟ್ಟರೋ ಎಂದು ಬೀದಿಯ ಎರಡೂ ಕಡೆ ಇಣುಕಿದೆ. ಹುಡುಕುತ್ತಾ ಹಿತ್ತಲಿಗೆ ಬಂದರೆ, ನುಗ್ಗೆ ಮರದ ನೆರಳಿನಲ್ಲಿ ಅವ್ವನ ಮಂಚ. ಬಿಚ್ಚಿದ್ದ ನವಾರನ್ನು ಯಾರೋ ಮತ್ತೆ ಬಿಗಿದಿದ್ದಾರೆ. ಅದರ ಮೇಲೆ ಟವೆಲ್ಲು ಹಾಸಿಕೊಂಡು ರಂಗಣ್ಣನವರು ಗೊರಕೆ ಹೊಡೆಯುತ್ತಿದ್ದಾರೆ. ಪಕ್ಕದ ಒಗೆಯುವ ಕಲ್ಲಿನ ಮೇಲೆ ಅವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ವಾರದ ಮೇಲೆ ಅವ್ವ ನನಗೆ ಹೇಳಿದ ಮೊದಲ ಮಾತು ಅದು, ಅದಕ್ಕೂ ಬಾಯಿ ಬಳಸಲಿಲ್ಲ.

ಬೀಗರು ಎದ್ದು ಮುಖ ತೊಳೆದು ಟೀ ಕುಡಿದರು. ಆಮೇಲೆ ಮೆಲ್ಲಗೆ, "ಬೇಜಾರ್ ಮಾಡ್ಕಬ್ಯಾಡಿ ಬೀಗ್ರೇ, ನೀವು ಆಸಿದ್ ಆಸಿಗೇಲಿ ನಂಗಿಂತ ಮುಂಚೆನೇ ಜನ ಇದ್ರು. ಜಾಗ ಸಾಲ್ನಿಲ್ಲ, ಅದ್ಕೇ ಇತ್ಲಾಗ್ ಬಂದೆ" ಎಂದು ತೋಳು ಚಾಚಿದರು. ಕೆಂಪು ಗುಳ್ಳೆ ಮೂರು, ಒಂದೇ ಸಾಲಿನಲ್ಲಿ.

ಸುಜಾತ ಒಳಗೆ ಹೋಗಿ ಸುರುಳಿಯನ್ನು ಎಳೆದು ತಂದು ಬಿಸಿಲಿನಲ್ಲಿ ಬಿಚ್ಚಿದಳು. ದಿಂಬಿನ ಹೊಲಿಗೆಯ ಉದ್ದಕ್ಕೂ ಶಾಯಿ ಚುಕ್ಕೆ. ಹಾಸಿಗೆಯ ಮಡಿಕೆಯಲ್ಲಿ ಅರಸೀಕೆರೆಯವು, ತುಮಕೂರಿನವು, ಚಿತ್ರದುರ್ಗದವು ಸಂಸಾರ ಸಮೇತ ನೆಲೆಸಿದ್ದವು. ಲಾಡ್ಜಿನ ಹಾಸಿಗೆಯ ಮೇಲೆ ನನ್ನದನ್ನು ಹಾಸಿದರೆ, ಇದು ಅನ್ಯರ ಸ್ವತ್ತು, ನಾವು ಹತ್ತಬಾರದು ಎಂದು ತಿಗಣೆಗಳು ಕೆಳಗೇ ನಿಲ್ಲುತ್ತವೆ ಎಂದುಕೊಂಡಿದ್ದೆನಲ್ಲ, ನನ್ನ ತಲೆಗಿಷ್ಟು! ಬ್ಯಾಗನ್ನು ಬಚ್ಚಲಲ್ಲಿ ನೇತುಹಾಕಿ ಕಾಪಾಡಿದವನು ಅವುಗಳಿಗೆ ಮೆತ್ತನೆಯ ಸವಾರಿಯನ್ನೇ ಮಾಡಿಕೊಟ್ಟಿದ್ದೆ. ಊರೂರಿನಿಂದ ಹೊತ್ತು ತಂದು ಹೊಸ ಮಂಚದ ಪೆಟ್ಟಿಗೆಯಲ್ಲಿ ಬಿಡಾರ ಕೊಟ್ಟವನು ನಾನು. ಕುದಿಯುವ ನೀರು ಬಿದ್ದದ್ದು ಅವ್ವನ ಮಂಚಕ್ಕೆ. ನಿಂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ರಂಗಣ್ಣನವರು ದೊಡ್ಡ ಮನಸ್ಸಿನವರು. "ನಮ್ಮನೆಗೂ ಓದ್ ವರ್ಸ ಬಂದಿದ್ವು ಬುಡಿ, ಯಾರ್‌ಗೂ ಯೋಳಿರ್ನಿಲ್ಲ" ಎಂದರು. ನೋಡಿ, ನಾನು ಕಂಡ ಮೊದಲ ಸತ್ಯವಂತ. ಅಷ್ಟಕ್ಕೇ ಬಿಡದೆ ಮಂಚದ ಕಾಲು ತಟ್ಟಿ, "ಇಂತಾ ನಿದ್ದೆ ಮಾಡಿ ವರ್ಸ ಆಗಿತ್ತು. ಮಾರ್ತೀರಂತಲ್ಲ, ನಂಗೇ ಕೊಡಿ, ಇವತ್ತೇ ಲಗೇಜ್ ಆಟೋಕ್ಕೆ ಆಕ್ಕಂಡು ಓಯ್ತೀನಿ" ಎಂದರು.

ಅವ್ವ ಅವರೆಕಾಯಿಯಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಸುಜಾತಳ ಮೂಲಕ ಅಲ್ಲ, ನೇರವಾಗಿ ನನ್ನನ್ನೇ. ನಾನು ಜೇಬಿನಿಂದ ಫೋನು ತೆಗೆದು, ಎಲ್ಲರ ಎದುರಿಗೇ ಚನ್ನರಾಯಪಟ್ಟಣದ ಆ ಹಳೇ ಸಾಮಾನಿನವನಿಗೆ ಮಾಡಿ, "ನಾಳೆ ಬರೋದು ಬೇಡಪ್ಪ. ಮಂಚದ್ದೇನೂ ತಪ್ಪಿಲ್ಲ, ತಪ್ಪು ನಂದು" ಎಂದೆ. ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ. ಬೀಗರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಮಂಚವನ್ನು ನಡುಮನೆಗೆ ಸೇರಿಸಿದೆವು. ಅವ್ವ ಅದರ ಮೇಲೆ ಕೂತು, ಎಲೆಅಡಿಕೆ ಚೀಲವನ್ನು ಪಕ್ಕಕ್ಕಿಟ್ಟುಕೊಂಡು, ಕಾಲು ಚಾಚಿದಳು. ಸುರುಳಿಯನ್ನು ಹಿತ್ತಲ ಮೂಲೆಯಲ್ಲಿ ಸುಟ್ಟೆ.

ಮಾರನೇ ದಿನ ನಮ್ಮ ಕೋಣೆಗೆ ಔಷಧಿ ಹೊಡೆಸಿದೆವು. ವಾಸನೆ ಹೋಗುವವರೆಗೆ ಆ ಕಡೆ ಸುಳಿಯಬೇಡಿ ಎಂದು ಹೊಡೆದವರು ಹೇಳಿ ಹೋದರು. ಸುಜಾತ ತನ್ನ ತಂಗಿಯ ಮನೆಗೆಂದು ಹಾಸನಕ್ಕೆ ಹೊರಟಳು. ಮಧ್ಯಾಹ್ನ ಊಟವಾದ ಮೇಲೆ ಬೆನ್ನು ಚಾಚಲು ನನಗೆ ಮನೆಯಲ್ಲಿ ಜಾಗವೇ ಇರಲಿಲ್ಲ. ಅವ್ವ ಹಿತ್ತಲಿಗೆ ಹೊರಟಿದ್ದಳು. ಮಂಚದ ಅಂಚಿನ ಮೇಲೆ ಕೈಯಿಟ್ಟು, "ಅವ್ವ, ಒಂದು ಗಳಿಗೆ ಇದರ ಮೇಲೆ ಅಡ್ಡಾಗ್ಲಾ?" ಎಂದು ಕೇಳಿದೆ.

ಅವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ, ನಾನು ಲಾಡ್ಜಿನ ಹಾಸಿಗೆಯನ್ನು ನೋಡುವಂತೆಯೇ, ಹೊಲಿಗೆ ಹೊಲಿಗೆ ನೋಡಿದಳು. "ಮನಿಕ. ಬ್ಯಾಡ ಅಂದೋರ್ ಯಾರು? ಮೊದ್ಲು ಬಚ್ಚಲ ಅಂಡೇಲಿ ನೀರು ಕಾದದೆ, ಮೈ ಮ್ಯಾಲೆ ಉಯ್ಕಂಡು ಬಾ. ಸಂದಿಗೊಂದಿಗೆಲ್ಲಾ ಬೀಳ್ಬೇಕು."

ಎರಡು ಹೆಜ್ಜೆ ಹೋದವಳು ತಿರುಗಿ ನಿಂತು, "ನೀನು ಮಂಚುಕ್ಕೆ ಉಯ್ದಂಗೆ ಕುದಿಯೋದು ಬ್ಯಾಡ. ಬೆಚ್ಚುಗಿದ್ರೆ ಸಾಕು" ಎಂದಳು.